ಸ್ಟ್ರೈಕರ್ ಆಗೋದು ಹೇಗೆ: ಚೆಂಡು ಕಾಲಲ್ಲಿಲ್ಲದ ಆ 88 ನಿಮಿಷ

ಫುಟ್‌ಬಾಲ್‌ನಲ್ಲಿ ಸ್ಟ್ರೈಕರ್, ಅಂದರೆ ಗೋಲು ಹೊಡೆಯೋಕೆ ಎಲ್ಲರಿಗಿಂತ ಮುಂದೆ ಆಡುವವನು, ಆಗಬೇಕು ಅಂತ ಮೈದಾನಕ್ಕೆ ಬರುವವರು ಮೊದಲ ದಿನ ಮಾಡುವುದು ಒಂದೇ ಕೆಲಸ. ಗೋಲಿನ ಮುಂದಿನ ಪೆನಾಲ್ಟಿ ಬಾಕ್ಸ್ ಹೊರಗೆ ಚೆಂಡಿಟ್ಟು, ಹತ್ತು ಹೆಜ್ಜೆ ಹಿಂದೆ ಹೋಗಿ, ಓಡಿ ಬಂದು ಗೋಲಿನ ಮೇಲಿನ ಮೂಲೆಗೆ ಬಾರಿಸುವುದು. ನೋಡೋಕೆ ಚೆನ್ನಾಗಿರುತ್ತೆ, ಇಲ್ಲ ಅನ್ನಲ್ಲ. ಆದರೆ ಪಂದ್ಯದಲ್ಲಿ ಹಾಗೆ ನಿಂತ ಚೆಂಡನ್ನು ಯಾರೂ ತಂದು ಕೊಡುವುದಿಲ್ಲ, ಹತ್ತು ಹೆಜ್ಜೆ ಓಡಿ ಬರೋಕೆ ಜಾಗವೂ ಬಿಡುವುದಿಲ್ಲ. 90 ನಿಮಿಷದ ಆಟದಲ್ಲಿ ಸ್ಟ್ರೈಕರ್ ಕಾಲಿಗೆ ಚೆಂಡು ಸಿಗುವುದು ಎಷ್ಟೋ ದಿನ 20-30 ಸಲ ಅಷ್ಟೇ. ಸಿಕ್ಕಾಗಲೂ ಒಂದೆರಡು ಸೆಕೆಂಡ್. ಎಲ್ಲ ಕೂಡಿಸಿದರೆ ಎರಡು ನಿಮಿಷ ಆದರೆ ಹೆಚ್ಚು. ಉಳಿದ 88 ನಿಮಿಷ ಏನು ಮಾಡುತ್ತೀರಿ ಅನ್ನುವುದಕ್ಕೇ ಕ್ಲಬ್‌ನವರು ಸಂಬಳ ಕೊಡುವುದು.

ನಾನೇನು ದೊಡ್ಡ ಮಟ್ಟದಲ್ಲಿ ಆಡಿದವನಲ್ಲ. ಕೆಳಗಿನ ಡಿವಿಷನ್‌ಗಳಲ್ಲಿ ಕೆಲವು ವರ್ಷ ಆಡಿ, ಆಮೇಲೆ ಹುಡುಗರಿಗೆ ಫಿನಿಶಿಂಗ್, ಅಂದರೆ ಸಿಕ್ಕ ಅವಕಾಶವನ್ನು ಗೋಲು ಮಾಡುವುದನ್ನು, ಹೇಳಿಕೊಡುತ್ತಾ ಬಂದವನು. ತಪ್ಪು ಮಾಡಿದ ಅನುಭವ ಮಾತ್ರ ಜಾಸ್ತಿನೇ ಇದೆ.

ಬಾಕ್ಸ್ ಒಳಗಿನ ಎರಡು ಹೆಜ್ಜೆ

ಒಂದು ಕ್ರಾಸ್, ಅಂದರೆ ಮೈದಾನದ ಅಂಚಿನಿಂದ ಗೋಲ್ ಮುಂದಕ್ಕೆ ಹಾಕುವ ಪಾಸ್, ತೆಗೆದುಕೊಳ್ಳೋಣ. ನಿಮ್ಮ ವಿಂಗರ್ ಬಲಗಡೆ ಗೆರೆಯ ಹತ್ತಿರ ಚೆಂಡು ಹಿಡಿದು ಬರುತ್ತಿದ್ದಾನೆ. ನೀವು ಪೆನಾಲ್ಟಿ ಸ್ಪಾಟ್ ಆಸುಪಾಸಿನಲ್ಲಿದ್ದೀರಿ. ಡಿಫೆಂಡರ್ ನಿಮಗೂ ಗೋಲಿಗೂ ನಡುವೆ ನಿಂತಿದ್ದಾನೆ. ಅವನಿಗೆ ಒಂದು ಕಷ್ಟ ಇದೆ: ಚೆಂಡನ್ನೂ ನೋಡಬೇಕು, ನಿಮ್ಮನ್ನೂ ನೋಡಬೇಕು. ಆ ಕಷ್ಟವನ್ನು ಇನ್ನಷ್ಟು ಹೆಚ್ಚಿಸುವುದೇ ನಿಮ್ಮ ಕೆಲಸ. ಚೆಂಡು ಇರುವ ಕಡೆಗೆ ವಿರುದ್ಧವಾಗಿ, ಅವನ ಆಚೆ ಭುಜದ ಹಿಂದಕ್ಕೆ ಸರಿದು ನಿಲ್ಲಿ. ಈಗ ನಿಮ್ಮನ್ನು ಹುಡುಕಬೇಕಾದರೆ ಅವನು ತಲೆ ತಿರುಗಿಸಲೇಬೇಕು.

ವಿಂಗರ್ ತಲೆ ತಗ್ಗಿಸಿ ಕಾಲಿನ ಚೆಂಡು ನೋಡಿದ ಅಂದರೆ ಕ್ರಾಸ್ ಹೊರಟಿತು ಅಂತಲೇ ಲೆಕ್ಕ. ಆ ಹೊತ್ತಿಗೆ ಡಿಫೆಂಡರ್ ಕಣ್ಣೂ ಅಲ್ಲಿಗೇ ಹೋಗಿರುತ್ತೆ. ಅದಕ್ಕೆ ಸ್ವಲ್ಪ ಮೊದಲು ಫಾರ್ ಪೋಸ್ಟ್ (ಚೆಂಡಿಗೆ ದೂರದ ಗೋಲ್ ಕಂಬ) ಕಡೆಗೆ ನಿಧಾನವಾಗಿ ಎರಡು ಹೆಜ್ಜೆ ಹಾಕಿ, ಅವನ ಮೈ ಭಾರ ನಿಮ್ಮ ಜೊತೆ ಆ ಕಡೆಗೆ ವಾಲಲಿ, ವಾಲಿದ್ದೇ ತಡ, ಹೊರಗಾಲು ಊರಿ ಅವನ ಮೂಗಿನ ಮುಂದೆಯೇ ಅಡ್ಡ ಹಾದು ಹತ್ತಿರದ ಕಂಬಕ್ಕೆ, ನಿಯರ್ ಪೋಸ್ಟ್‌ಗೆ ನುಗ್ಗಿ. ಬೇಕಾಗಿರುವುದು ಅರ್ಧ ಮೀಟರ್ ಜಾಗ. ಅಷ್ಟು ಸಿಕ್ಕರೆ ಕಾಲಿನ ಒಳಬದಿ ಮುಂದೆ ಚಾಚಿದರೂ ಸಾಕು, ಚೆಂಡಿನ ವೇಗವೇ ಉಳಿದದ್ದು ಮಾಡುತ್ತೆ.

ಇಲ್ಲಿ ಹೊಸಬರು ಮಾಡುವ ತಪ್ಪು, ಮೊದಲೇ ಓಡಿಹೋಗಿ ನಿಲ್ಲುವುದು. ನಿಂತವನನ್ನು ಹಿಡಿಯೋದು ಸುಲಭ. ಚೆಂಡು ಬರುವ ಜಾಗಕ್ಕೆ ಚೆಂಡಿನ ಜೊತೆಗೇ ತಲುಪಬೇಕು, ಮೊದಲೂ ಅಲ್ಲ, ಆಮೇಲೂ ಅಲ್ಲ.

ಇನ್ನೊಂದು ಮಾತು. ಇಂಥ ಹತ್ತು ಓಟಗಳಲ್ಲಿ ಏಳೆಂಟಕ್ಕೆ ಚೆಂಡೇ ಬರುವುದಿಲ್ಲ. ಆಗ ಕೈ ಎರಡೂ ಮೇಲೆತ್ತಿ ವಿಂಗರ್ ಮೇಲೆ ಕೂಗಾಡಬೇಡಿ, ಅವನಿಗೂ ಮುಖ ಇದೆ, ಮುಂದಿನ ಸಲ ಅವನು ಬೇರೆಯವರನ್ನು ಹುಡುಕುತ್ತಾನೆ. ಸುಮ್ನೆ ವಾಪಸ್ ಬಂದು ಹನ್ನೊಂದನೇ ಓಟವನ್ನೂ ಅಷ್ಟೇ ಜೋರಾಗಿ ಓಡಿ.

ಗೆರ್ಡ್ ಮುಲ್ಲರ್ ಪಶ್ಚಿಮ ಜರ್ಮನಿಗೆ 62 ಪಂದ್ಯಗಳಲ್ಲಿ 68 ಗೋಲು ಹೊಡೆದವರು. 1974ರ ವಿಶ್ವಕಪ್ ಫೈನಲ್‌ನಲ್ಲಿ ಗೆಲುವಿನ ಗೋಲು ಅವರದೇ, ನೆದರ್ಲೆಂಡ್ಸ್ ವಿರುದ್ಧ. ವಿಡಿಯೊ ಸಿಗುತ್ತೆ, ನೋಡಿ. ಬಲಗಡೆಯಿಂದ ಪಾಸ್ ಬರುತ್ತೆ, ಮೊದಲ ಟಚ್ ಸರಿಯಾಗಿ ಕೂರುವುದಿಲ್ಲ, ಚೆಂಡು ಅವರ ಹಿಂದಕ್ಕೇ ಜಾರುತ್ತೆ. ಬೇರೆಯವರಾಗಿದ್ದರೆ ಅಲ್ಲಿಗೆ ಮುಗಿಯಿತು. ಅವರು ಇದ್ದಲ್ಲೇ ಗಿರ್ರನೆ ತಿರುಗಿ ನೆಲದ ಮೇಲೇ ಮೂಲೆಗೆ ತಳ್ಳುತ್ತಾರೆ. ಹೊಡೆತದಲ್ಲಿ ಜೋರೇನೂ ಇಲ್ಲ. ಗೋಲ್‌ಕೀಪರ್ ಮಾತ್ರ ಕದಲಲಿಲ್ಲ.

ಆಫ್‌ಸೈಡ್ ನಿಯಮ ಬಾಯಿಪಾಠ ಆಗಿರಲಿ

ತಮಾಷೆ ಅಲ್ಲ, ಸ್ಟ್ರೈಕರ್ ಅಂತ ಹೇಳಿಕೊಳ್ಳುವ ಎಷ್ಟೋ ಜನರಿಗೆ ಈ ನಿಯಮ ಪೂರ್ತಿ ಗೊತ್ತಿರುವುದಿಲ್ಲ. ಚೆಂಡಿಗಿಂತಲೂ ಕೊನೆಯಿಂದ ಎರಡನೇ ಎದುರಾಳಿಗಿಂತಲೂ ಅವರ ಗೋಲಿಗೆ ಹತ್ತಿರ ಇದ್ದು ಚೆಂಡು ಆಡಿದರೆ ಆಫ್‌ಸೈಡ್. ಲೆಕ್ಕಕ್ಕೆ ಬರುವುದು ಜೊತೆಗಾರ ಚೆಂಡು ಒದ್ದ ಕ್ಷಣ, ನಿಮಗೆ ಚೆಂಡು ತಲುಪಿದ ಕ್ಷಣ ಅಲ್ಲ. ನಿಮ್ಮ ಅರ್ಧ ಮೈದಾನದಲ್ಲಿದ್ದರೆ ಆಫ್‌ಸೈಡ್ ಇಲ್ಲ. ಕೊನೆಯಿಂದ ಎರಡನೇ ಎದುರಾಳಿಗೆ ಸಮ ಇದ್ದರೂ ಆಫ್‌ಸೈಡ್ ಅಲ್ಲ, ಇದು 1990ರಿಂದ ಬಂದದ್ದು. ಕೈ, ತೋಳು ಲೆಕ್ಕಕ್ಕಿಲ್ಲ. ಥ್ರೋ-ಇನ್, ಕಾರ್ನರ್, ಗೋಲ್ ಕಿಕ್‌ನಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲವೇ ಇಲ್ಲ. ಕೊನೆಯದನ್ನು ನೆನಪಿಟ್ಟುಕೊಂಡರೆ ವರ್ಷಕ್ಕೆ ಒಂದೆರಡು ಗೋಲು ಪುಕ್ಕಟೆ, ಯಾಕಂದರೆ ಥ್ರೋ-ಇನ್ ಹೊತ್ತಿಗೆ ಡಿಫೆಂಡರ್‌ಗಳು ನಿದ್ದೆಯಲ್ಲಿರುತ್ತಾರೆ.

ಓಟ ನೇರ ಇರಬಾರದು, ಬಾಗಿರಬೇಕು. ಡಿಫೆನ್ಸ್ ಗೆರೆಗೆ ಸಮಾನಾಂತರವಾಗಿ ಮೂರ್ನಾಲ್ಕು ಹೆಜ್ಜೆ ಅಡ್ಡ ಓಡುತ್ತಾ, ಕಣ್ಣು ಪಾಸ್ ಕೊಡುವವನ ಮೇಲಿಟ್ಟು, ಅವನ ಕಾಲು ಹಿಂದೆ ಹೋದ ತಕ್ಷಣ ಗೋಲ್ ಕಡೆ ತಿರುಗಿ. ನಿಂತು ಹೊರಡುವವನಿಗಿಂತ ಓಡುತ್ತಲೇ ತಿರುಗಿದವನು ಒಂದು ಹೆಜ್ಜೆ ಮುಂದೆ ಇರುತ್ತಾನೆ, ಆ ಒಂದು ಹೆಜ್ಜೆಯನ್ನು ಡಿಫೆಂಡರ್ ಆಮೇಲೆ ಎಷ್ಟೇ ಓಡಿದರೂ ತುಂಬೋಕೆ ಆಗಲ್ಲ.

ಫಿನಿಶಿಂಗ್

ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಟಿವಿಯಲ್ಲಿ ದೊಡ್ಡದಾಗಿ ಕಾಣುತ್ತೆ, ಗೋಲ್‌ಕೀಪರ್ ನಾಲ್ಕು ಹೆಜ್ಜೆ ಮುಂದೆ ಬಂದರೆ ಬಾಗಿಲು ಅರ್ಧ ಮುಚ್ಚಿದ ಹಾಗೆ. ಹೆಚ್ಚಿನ ಗೋಲುಗಳು ಬರುವುದು ಪೆನಾಲ್ಟಿ ಬಾಕ್ಸ್ ಒಳಗಿಂದ, ಅದರಲ್ಲೂ ಒಂದೇ ಟಚ್‌ನಲ್ಲಿ. ಹಾಗಾಗಿ ಅಭ್ಯಾಸವೂ ಅಲ್ಲೇ ಆಗಬೇಕು.

ನಾನು ಹುಡುಗರಿಗೆ ಮಾಡಿಸುವುದು ಹೀಗೆ. ದಿನಕ್ಕೆ 30 ಚೆಂಡು, ಜಾಸ್ತಿ ಬೇಡ. ಒಂದೂ ನಿಂತ ಚೆಂಡಲ್ಲ. ಹತ್ತು ಎಡಗಡೆಯಿಂದ, ಹತ್ತು ಬಲಗಡೆಯಿಂದ, ಹತ್ತು ಬೆನ್ನ ಹಿಂದಿನಿಂದ. ಎತ್ತರ, ವೇಗ ಪ್ರತಿ ಸಲ ಬೇರೆ. ಎರಡು ಟಚ್ ಮೀರಿದರೆ ಗೋಲಾದರೂ ಲೆಕ್ಕಕ್ಕಿಲ್ಲ. ತಾಲೀಮಿನ ಕೊನೆಯಲ್ಲಿ, ಕಾಲು ಸೋತಿರುವಾಗ ಮಾಡಬೇಕು, ಪಂದ್ಯದ 80ನೇ ನಿಮಿಷದಲ್ಲಿ ಕಾಲು ಇರುವುದೂ ಹಾಗೇ ಅಲ್ವಾ? 30ರಲ್ಲಿ ಎಷ್ಟು ಹೋಯಿತು, ಯಾವ ಕಾಲು, ಯಾವ ಕಡೆಯಿಂದ, ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಎರಡು ತಿಂಗಳಾದ ಮೇಲೆ ತೆಗೆದು ನೋಡಿದರೆ ನಿಮ್ಮ ದೌರ್ಬಲ್ಯ ನಿಮಗೇ ಗೊತ್ತಾಗುತ್ತೆ, ಕೋಚ್ ಹೇಳಬೇಕಾಗಿಲ್ಲ. ಸಾಮಾನ್ಯವಾಗಿ ಅದು ಎಡಗಾಲೇ.

ಕೋನದಿಂದ ಹೊಡೆಯುವಾಗ ಗೋಲ್‌ಕೀಪರ್‌ನನ್ನು ದಾಟಿ ದೂರದ ಮೂಲೆಗೆ, ನೆಲದ ಮೇಲೆ ಹೊಡೆಯಿರಿ. ಕೆಳಗಿನ ಚೆಂಡಿಗೆ ಎತ್ತರದ ಕೀಪರ್ ಬಗ್ಗಿ ಇಳಿಯಬೇಕು, ಅದಕ್ಕೆ ಹೊತ್ತು ಹಿಡಿಯುತ್ತೆ. ಅವನು ತಡೆದರೂ ಚೆಂಡು ಬಾಕ್ಸ್ ನಡುವೆಗೇ ಪುಟಿಯುತ್ತೆ, ಅಲ್ಲಿ ನಿಮ್ಮವರೊಬ್ಬರು ಇರುತ್ತಾರೆ. ಹತ್ತಿರದ ಪೋಸ್ಟ್‌ಗೆ ಹೊಡೆದು ತಪ್ಪಿದರೆ ಚೆಂಡು ಹೊರಗೆ, ಅಷ್ಟೇ.

ಪೆನಾಲ್ಟಿ 11 ಮೀಟರ್ ದೂರ. ನಾಲ್ಕರಲ್ಲಿ ಮೂರು ಗೋಲಾಗುತ್ತವೆ, ಅಂದರೆ ನಾಲ್ಕರಲ್ಲಿ ಒಂದು ಎಂಥವರದೂ ಹೋಗುತ್ತೆ. ಮೂಲೆ ಮೊದಲೇ ಆರಿಸಿಕೊಳ್ಳಿ, ಓಡಿ ಬರುವಾಗ ಮನಸ್ಸು ಬದಲಿಸಬೇಡಿ. ಬೇರೆ ಗುಟ್ಟು ಏನಾದರೂ ಇದ್ದರೆ ನನಗೆ ಸಿಕ್ಕಿಲ್ಲ.

ಹೆಡರ್‌ಗೆ ಎತ್ತರ ಬೇಕೇ ಬೇಕು ಅಂತ ಹೇಳುತ್ತಾರೆ. ಸುನಿಲ್ ಛೆಟ್ರಿ ಎತ್ತರ 170 ಸೆಂಟಿಮೀಟರ್ ಆಸುಪಾಸು, ಆದರೂ ಅವರ ಹೆಡರ್‌ಗಳನ್ನು ನೆನಪಿಸಿಕೊಳ್ಳಿ. ಡಿಫೆಂಡರ್‌ಗಿಂತ ಕ್ಷಣ ಮೊದಲು ನೆಗೆದರೆ ಅವನು ಮೇಲೇರುವಾಗ ನೀವು ಆಗಲೇ ಮೇಲಿರುತ್ತೀರಿ. ಕಣ್ಣು ತೆರೆದಿರಲಿ, ಹಣೆ ತಾಗಲಿ, ಚೆಂಡನ್ನು ಕೆಳಕ್ಕೆ ಕಳಿಸಿ. ಜರ್ಮನಿಯ ಮಿರೊಸ್ಲಾವ್ ಕ್ಲೋಸೆ 2002ರ ವಿಶ್ವಕಪ್‌ನಲ್ಲಿ ಹೊಡೆದ ಐದು ಗೋಲೂ ಹೆಡರ್‌ಗಳೇ. ಪುಟ್ಟ ಮಕ್ಕಳಿಗೆ ಮಾತ್ರ ಇದನ್ನು ಅಭ್ಯಾಸ ಮಾಡಿಸಬೇಡಿ. ಮಿದುಳಿಗೆ ಆಗುವ ಪೆಟ್ಟಿನ ಭಯದಿಂದ ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಚಿಕ್ಕವರ ಹೆಡಿಂಗ್‌ಗೆ ನಿರ್ಬಂಧ ಇದೆ, ಅದು ಸರಿಯಾದ ಕ್ರಮ.

ಮತ್ತೆ ಪ್ರೆಸ್ಸಿಂಗ್, ಅಂದರೆ ಚೆಂಡು ಹಿಡಿದ ಎದುರಾಳಿಯ ಮೇಲೆ ಓಡಿ ಒತ್ತಡ ಹಾಕುವುದು. ಎದುರಾಳಿ ಡಿಫೆಂಡರ್ ಬಳಿ ಚೆಂಡಿದ್ದಾಗ ಸೊಂಟದ ಮೇಲೆ ಕೈಯಿಟ್ಟು ನಿಂತರೆ ಇವತ್ತಿನ ಕೋಚ್‌ಗಳು ಬೆಂಚ್ ತೋರಿಸುತ್ತಾರೆ. ಇಷ್ಟ ಇರಲಿ ಬಿಡಲಿ, ಓಡಲೇಬೇಕು.

"ನೀನು ಬೇಡ" ಅಂದ ಮೇಲೆ

ಅಕಾಡೆಮಿಯಿಂದ ಹೊರಗೆ ಹಾಕಿದರೆ ಜೀವನ ಮುಗಿಯಿತು ಅಂತ ಅಳುವ ಹುಡುಗರನ್ನು ಬೇಕಾದಷ್ಟು ನೋಡಿದ್ದೇನೆ. ಮುಂದೆ ಇಂಗ್ಲೆಂಡ್ ನಾಯಕರಾದ ಹ್ಯಾರಿ ಕೇನ್ ಅವರನ್ನು ಆರ್ಸೆನಲ್ ಅಕಾಡೆಮಿ ಕಳಿಸಿದಾಗ ಅವರಿಗೆ 8 ವರ್ಷ. ಜೇಮಿ ವಾರ್ಡಿ ಅವರನ್ನು 16ನೇ ವಯಸ್ಸಿಗೆ ಗಿಡ್ಡ ಅಂತ ಬಿಟ್ಟರು. ಕೆಳಗಿನ ಲೀಗ್‌ನಲ್ಲಿ ಆಡುತ್ತಾ, ವೈದ್ಯಕೀಯ ಸಲಕರಣೆ ಮಾಡುವ ಕಾರ್ಖಾನೆಯಲ್ಲಿ ದುಡಿಯುತ್ತಾ ಇದ್ದವರು 2012ರಲ್ಲಿ, 25ನೇ ವಯಸ್ಸಿಗೆ ಲೆಸ್ಟರ್ ಸೇರಿದರು. 2015ರಲ್ಲಿ ಪ್ರೀಮಿಯರ್ ಲೀಗ್‌ನ ಸತತ 11 ಪಂದ್ಯಗಳಲ್ಲಿ ಗೋಲು ಹೊಡೆದರು. ಕ್ಲೋಸೆ ಬಡಗಿ ಕೆಲಸ ಕಲಿತವರು, 20ರ ಹತ್ತಿರದವರೆಗೂ ಏಳನೇ ಡಿವಿಷನ್‌ನಲ್ಲಿದ್ದರು. ಕೊನೆಗೆ ವಿಶ್ವಕಪ್‌ಗಳಲ್ಲಿ ಒಟ್ಟು 16 ಗೋಲು. ಮುಂದೆ ಚೆಲ್ಸಿಯ ತಾರೆಯಾದ ಡಿಡಿಯೆ ದ್ರೋಗ್ಬಾಗೆ ಮೊದಲ ವೃತ್ತಿಪರ ಕಾಂಟ್ರಾಕ್ಟ್ ಸಿಕ್ಕಿದ್ದು 21ಕ್ಕೆ.

ಇದನ್ನು ಓದಿ ಎಲ್ಲರೂ ವಾರ್ಡಿ ಆಗುತ್ತೀರಿ ಅಂದುಕೊಳ್ಳಬೇಡಿ, ಬಹಳ ಜನ ಆಗುವುದಿಲ್ಲ, ಅದು ನಿಜ. ಆದರೆ 14-15ರ ವಯಸ್ಸಿನ ಆಯ್ಕೆ ಅನ್ನುವುದು ಅರ್ಧ ಮೈಕಟ್ಟಿನ ಆಯ್ಕೆ. ವಯೋಮಿತಿಯ ವರ್ಷದಲ್ಲಿ ಮೊದಲ ತಿಂಗಳುಗಳಲ್ಲಿ ಹುಟ್ಟಿದ ಮಕ್ಕಳೇ ಅಕಾಡೆಮಿಗಳಲ್ಲಿ ಜಾಸ್ತಿ ಇರುತ್ತಾರೆ ಅಂತ ಬೇರೆ ಬೇರೆ ದೇಶಗಳ ಅಧ್ಯಯನಗಳು ಹೇಳುತ್ತವೆ. ಆ ವಯಸ್ಸಿಗೆ ಹತ್ತು ತಿಂಗಳ ವ್ಯತ್ಯಾಸ ಸಣ್ಣದಲ್ಲ. ಹಾಗಾಗಿ ಬೇಡ ಅಂದವರ ಹತ್ತಿರ ಒಂದೇ ಪ್ರಶ್ನೆ ಕೇಳಿ: ಯಾಕೆ? ಗಿಡ್ಡ ಅಂದರೆ ಕಾಯಬಹುದು. ಮೊದಲ ಟಚ್ ಸರಿ ಇಲ್ಲ ಅಂದರೆ ನಾಳೆಯಿಂದಲೇ ಕೆಲಸ ಶುರು.

ಆಮೇಲೆ ಕ್ಲಬ್ ಆರಿಸುವುದು. ಇಲ್ಲೂ ಬಾಕ್ಸ್ ಒಳಗಿನ ಬುದ್ಧಿಯೇ ಬೇಕು, ಚೆಂಡು ಎಲ್ಲಿ ಬೀಳುತ್ತೋ ಅಲ್ಲಿಗೆ ಹೋಗಬೇಕು. ದೊಡ್ಡ ಹೆಸರಿನ ಕ್ಲಬ್‌ನ ಬೆಂಚ್‌ಗಿಂತ ಸಣ್ಣ ಕ್ಲಬ್‌ನ 2,000 ನಿಮಿಷ ಆಟ ಮೇಲು. ಸಹಿ ಹಾಕುವ ಮೊದಲು ಕೇಳಬೇಕಾದ್ದು: ನನ್ನ ಜಾಗಕ್ಕೆ ಇನ್ನು ಎಷ್ಟು ಜನ ಇದ್ದಾರೆ? ಅವರಲ್ಲಿ ಯಾರ ಸಂಬಳ ಜಾಸ್ತಿ? ಸಂಬಳ ಜಾಸ್ತಿ ಇರುವವನೇ ಆಡುತ್ತಾನೆ, ಬರೆದಿಟ್ಟುಕೊಳ್ಳಿ. ವಿಂಗರ್‌ಗಳು ಕ್ರಾಸ್ ಹಾಕುತ್ತಾರಾ, ಇಲ್ಲ ಒಳಗೆ ತಿರುಗಿ ತಾವೇ ಹೊಡೆಯುತ್ತಾರಾ? ಈ ಕೋಚ್ ಮುಂದಿನ ವರ್ಷ ಇರುತ್ತಾರಾ? ಕೇನ್ ಟಾಟನ್‌ಹ್ಯಾಮ್ ತಂಡದಲ್ಲಿ ನೆಲೆಯೂರುವ ಮೊದಲು ನಾಲ್ಕು ಕ್ಲಬ್‌ಗಳಿಗೆ ಲೋನ್ ಮೇಲೆ, ಅಂದರೆ ಸ್ವಲ್ಪ ಕಾಲದ ಮಟ್ಟಿಗೆ, ಹೋಗಿ ಬಂದರು, ಲೇಟನ್ ಓರಿಯಂಟ್, ಮಿಲ್‌ವಾಲ್, ನಾರ್ವಿಚ್, ಲೆಸ್ಟರ್. ಲೋನ್ ಅಂದರೆ ಶಿಕ್ಷೆ ಅಲ್ಲ.

ಟ್ರಯಲ್ಸ್‌ಗೆ ವಿಡಿಯೊ ಕಳಿಸುವಾಗ ಬರೀ ಗೋಲುಗಳನ್ನು ಪೋಣಿಸಿ, ಮೇಲೆ ಹಾಡು ಹಾಕಿ ಕಳಿಸಬೇಡಿ. ನಾಲ್ಕು ನಿಮಿಷ ಸಾಕು. ಅದರಲ್ಲಿ ಚೆಂಡು ಬಾರದ ಓಟ, ಬೆನ್ನು ಕೊಟ್ಟು ಚೆಂಡು ಕಾಪಾಡಿದ್ದು, ಪ್ರೆಸ್ ಮಾಡಿ ಕಿತ್ತುಕೊಂಡಿದ್ದು, ಎಲ್ಲ ಇರಲಿ. ಜೊತೆಗೆ ಒಂದು ಪೂರ್ತಿ ಪಂದ್ಯದ ವಿಡಿಯೊ. ಅನುಭವ ಇರುವ ಸ್ಕೌಟ್ ಅದನ್ನೇ ಮೊದಲು ತೆರೆಯುತ್ತಾನೆ.

ಕಾಗದ ಪತ್ರ

ಬೇಜಾರಿನ ವಿಷಯ, ಆದರೂ ಓದಿ. ಫಿಫಾ ನಿಯಮದ ಪ್ರಕಾರ 18 ತುಂಬದವರನ್ನು, ಕೆಲವು ವಿನಾಯಿತಿ ಬಿಟ್ಟರೆ, ಬೇರೆ ದೇಶದ ಕ್ಲಬ್‌ಗೆ ವರ್ಗಾಯಿಸುವಂತಿಲ್ಲ. "16ರ ಹುಡುಗನಿಗೆ ವಿದೇಶದ ಕ್ಲಬ್ ಕಾಂಟ್ರಾಕ್ಟ್ ರೆಡಿ ಇದೆ, ಮೊದಲು ದುಡ್ಡು ಕಟ್ಟಿ" ಅಂತ ಯಾರಾದರೂ ಬಂದರೆ ಬಾಗಿಲು ಹಾಕಿಕೊಳ್ಳಿ. ಏಜೆಂಟ್‌ಗಳಿಗೆ ಫಿಫಾ ಲೈಸೆನ್ಸ್ ಇರಬೇಕು, ಪರೀಕ್ಷೆ ಬರೆದೇ ಅದನ್ನು ಪಡೆಯಬೇಕು. ಆಟಗಾರನ ಜೊತೆ ಏಜೆಂಟ್ ಮಾಡಿಕೊಳ್ಳುವ ಒಪ್ಪಂದ ಎರಡು ವರ್ಷ ಮೀರುವಂತಿಲ್ಲ.

18ರ ಒಳಗಿನವರ ಕಾಂಟ್ರಾಕ್ಟ್ ಹೆಚ್ಚೆಂದರೆ 3 ವರ್ಷ, ದೊಡ್ಡವರದು ಸಾಮಾನ್ಯವಾಗಿ 5 ವರ್ಷ. ಅವಧಿಯಲ್ಲಿ ಕೊನೆಯ ಆರು ತಿಂಗಳು ಉಳಿದಾಗ ಬೇರೆ ಕ್ಲಬ್ ಜೊತೆ ಮುಂದಿನ ಒಪ್ಪಂದಕ್ಕೆ ಸಹಿ ಹಾಕಬಹುದು. ಅವಧಿ ಮುಗಿದ ಆಟಗಾರ ಹಣ ಕಟ್ಟಿಸದೆ ಹೊರಡಬಹುದು ಅನ್ನುವ ಹಕ್ಕು ಯುರೋಪಿನಲ್ಲಿ ಬಂದದ್ದು 1995ರ ಬೋಸ್‌ಮನ್ ತೀರ್ಪಿನಿಂದ. ಕ್ಲಬ್ ಎರಡು ತಿಂಗಳ ಸಂಬಳ ಉಳಿಸಿಕೊಂಡರೆ, ಬರಹದಲ್ಲಿ ನೋಟಿಸ್ ಕೊಟ್ಟು ಕನಿಷ್ಠ 15 ದಿನ ಕಾದು, ಆಮೇಲೂ ಕೊಡದಿದ್ದರೆ ಕಾಂಟ್ರಾಕ್ಟ್ ಮುರಿಯುವ ಅವಕಾಶ ಇದೆ. ಇದನ್ನು ನೀವೇ ಮಾಡೋಕೆ ಹೋಗದೆ ಆಟಗಾರರ ಸಂಘದವರನ್ನು ಕೇಳಿ, ಆಟಗಾರರ ಸಂಘಗಳ ವಿಶ್ವ ಒಕ್ಕೂಟ ಫಿಫ್‌ಪ್ರೋ ಇರುವುದೇ ಅದಕ್ಕೆ.

ಗೋಲ್ ಬೋನಸ್ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಗಾಯ ಆದಾಗ ಸಂಬಳ ಬರುತ್ತಾ, ಆಪರೇಷನ್ ಖರ್ಚು ಯಾರದು ಅಂತ ಕೇಳುವವರು ಕಡಿಮೆ. ಮೊದಲು ಇದನ್ನೇ ಕೇಳಿ.

ಗೋಲು ಬಾರದ ತಿಂಗಳುಗಳು

ಬರುತ್ತವೆ. ಎಲ್ಲರಿಗೂ. ಫರ್ನಾಂಡೊ ಟೊರೆಸ್ 2011ರ ಜನವರಿಯಲ್ಲಿ 5 ಕೋಟಿ ಪೌಂಡ್‌ಗೆ ಚೆಲ್ಸಿ ಸೇರಿದರು. ಅಲ್ಲಿಯ ಮೊದಲ ಗೋಲು ಬಂದದ್ದು ಏಪ್ರಿಲ್ 23ಕ್ಕೆ. ಅಷ್ಟು ದುಡ್ಡಿನ ಭಾರ ಹೊತ್ತು ಪ್ರತಿ ಶನಿವಾರ ಮೈದಾನಕ್ಕಿಳಿಯೋದು ಹೇಗಿರುತ್ತೆ ಅಂತ ಯೋಚಿಸಿ.

ಈ ಹೊತ್ತಲ್ಲಿ ಎಲ್ಲರೂ ಮಾಡುವ ತಪ್ಪು, 30 ಮೀಟರ್‌ನಿಂದ ಹೊಡೆಯೋಕೆ ಶುರು ಮಾಡುವುದು. ಬಾಕ್ಸ್ ಬಿಟ್ಟು ಹೊರಗೆ ಬಂದು ಚೆಂಡು ಹುಡುಕುವುದು. ಅಲ್ಲಿ ಚೆಂಡು ಸಿಗುತ್ತೆ, ಗೋಲು ಸಿಗಲ್ಲ. ಗೋಲು ಎಣಿಸೋದು ಬಿಟ್ಟು ಅವಕಾಶ ಎಣಿಸಿ. ಇವತ್ತು ಬಾಕ್ಸ್ ಒಳಗೆ ಎಷ್ಟು ಹೊಡೆತ ಸಿಕ್ಕಿತು? ಮೂರು ಸಿಕ್ಕಿ ಮೂರೂ ತಪ್ಪಿದ್ದರೆ ಚಿಂತೆ ಬೇಡ, ದೊಡ್ಡ ಸ್ಟ್ರೈಕರ್‌ಗಳೂ ಐದಾರು ಹೊಡೆತಕ್ಕೆ ಒಂದು ಗೋಲು ಹೊಡೆಯುವವರೇ. ಒಂದೂ ಸಿಗದೇ ಇದ್ದರೆ ಓಟದಲ್ಲಿ ತಪ್ಪಿದೆ, ಪಂದ್ಯದ ವಿಡಿಯೊ ತೆಗೆದು ಕೂತುಕೊಳ್ಳಿ. ಕ್ಲಬ್‌ಗಳು ನೋಡುವ ಎಕ್ಸ್‌ಜಿ ಲೆಕ್ಕವೂ ಹೆಚ್ಚೂ ಕಮ್ಮಿ ಇದೇ: ಇಂಥ ಜಾಗದಿಂದ ಹೊಡೆದರೆ ಗೋಲಾಗುವ ಸಾಧ್ಯತೆ ಎಷ್ಟು ಅನ್ನುವುದನ್ನು ಕೂಡಿಸುತ್ತಾ ಹೋಗುವುದು.

ಗಾಯ ಮುಚ್ಚಿಡಬೇಡಿ

ಇದು ನನ್ನ ಕಥೆ. ತೊಡೆಯ ಹಿಂದೆ, ಹ್ಯಾಮ್‌ಸ್ಟ್ರಿಂಗ್‌ನಲ್ಲಿ ಎಳೆದ ಹಾಗಿತ್ತು. ಮುಂದಿನ ವಾರ ಮೇಲಿನ ಡಿವಿಷನ್‌ನವರು ನೋಡೋಕೆ ಬರುತ್ತಾರೆ ಅಂತ ಯಾರಿಗೂ ಹೇಳಲಿಲ್ಲ. ಬಿಸಿ ನೀರು, ಸ್ಪ್ರೇ, ಬಿಗಿಯಾಗಿ ಬ್ಯಾಂಡೇಜ್. ಆಟದ 20ನೇ ನಿಮಿಷದ ಆಸುಪಾಸು, ಡಿಫೆನ್ಸ್ ಹಿಂದೆ ಬಿದ್ದ ಚೆಂಡಿಗೆ ಹೊರಟೆ, ಯಾರೋ ಹಿಂದಿನಿಂದ ಕಲ್ಲು ಹೊಡೆದಂತಾಯಿತು. ತಿರುಗಿ ನೋಡಿದೆ, ಯಾರೂ ಇರಲಿಲ್ಲ. ಎರಡು ವಾರದಲ್ಲಿ ಹೋಗಬೇಕಾದದ್ದು ನಾಲ್ಕು ತಿಂಗಳು ತಿಂದಿತು. ನೋಡೋಕೆ ಬಂದವರು ಮತ್ತೆ ಬರಲಿಲ್ಲ.

ಸ್ಟ್ರೈಕರ್‌ಗೆ ಸ್ಪ್ರಿಂಟ್ ಜಾಸ್ತಿ, ಹ್ಯಾಮ್‌ಸ್ಟ್ರಿಂಗ್ ಮೊದಲು ಕೈ ಕೊಡುತ್ತೆ. ನಾರ್ಡಿಕ್ ಹ್ಯಾಮ್‌ಸ್ಟ್ರಿಂಗ್ ವ್ಯಾಯಾಮ ಕಲಿಯಿರಿ: ಮೊಣಕಾಲೂರಿ ಕೂತು, ಜೊತೆಗಾರ ಹಿಮ್ಮಡಿ ಹಿಡಿದುಕೊಂಡಿರುವಾಗ, ಬೆನ್ನು ನೆಟ್ಟಗಿಟ್ಟು ನಿಧಾನವಾಗಿ ಮುಂದಕ್ಕೆ ಬಾಗುವುದು. ಮೊದಲ ವಾರ ಕೂರೋಕೂ ಆಗದಷ್ಟು ನೋಯುತ್ತೆ, ಆಮೇಲೆ ಸರಿಹೋಗುತ್ತೆ. ತಾಲೀಮಿಗೆ ಮೊದಲು 20 ನಿಮಿಷದ ಫಿಫಾ 11+ ವಾರ್ಮಪ್ ಮಾಡಿ, ಪುಕ್ಕಟೆ ಸಿಗುತ್ತೆ, ಗಾಯ ಕಡಿಮೆ ಮಾಡುತ್ತೆ ಅಂತ ಸಾಬೀತಾಗಿದೆ. ಮೊಣಕಾಲಿನ ಎಸಿಎಲ್ ಅನ್ನುವ ಅಸ್ಥಿರಜ್ಜು ಹರಿದರೆ, ಇದು ಹೆಣ್ಣುಮಕ್ಕಳಲ್ಲಿ ಇನ್ನೂ ಜಾಸ್ತಿ, 9 ತಿಂಗಳಿಗೆ ಮೊದಲು ವಾಪಸ್ ಬರುವ ಆತುರ ಬೇಡ, ಬೇಗ ಬಂದವರಿಗೆ ಮತ್ತೆ ಹರಿಯುವ ಅಪಾಯ ಹೆಚ್ಚು.

ಎಲ್ಲ ಸರಿ ಮಾಡಿದರೂ ಕೆಲವೊಮ್ಮೆ ಕಾಲು ಕೇಳುವುದಿಲ್ಲ. ಜಸ್ಟ್ ಫಾಂಟೇನ್ 1958ರ ಒಂದೇ ವಿಶ್ವಕಪ್‌ನಲ್ಲಿ 13 ಗೋಲು ಹೊಡೆದರು, 28ಕ್ಕೆ ಆಟ ಮುಗಿಯಿತು, ಮುರಿದ ಕಾಲಿನಿಂದ. ಮಾರ್ಕೊ ವಾನ್ ಬಾಸ್ಟೆನ್ ಕೊನೆಯ ಪಂದ್ಯ ಆಡಿದ್ದೂ 28ರಲ್ಲೇ, ಪಾದದ ಕೀಲು ಹೋಗಿತ್ತು. ಹಾಗಾಗಿ ಸಂಬಳ ಬರುವ ಮೊದಲ ತಿಂಗಳಿಂದಲೇ ಒಂದು ಪಾಲು ಎತ್ತಿಡಿ. ಕೋಚಿಂಗ್ ಲೈಸೆನ್ಸ್‌ನ ಕೆಳಗಿನ ಹಂತಗಳನ್ನು ಆಡುತ್ತಿರುವಾಗಲೇ ಮುಗಿಸಿಕೊಳ್ಳಿ, ಆಗ ಕಲಿಸುವವರೂ ಮರ್ಯಾದೆ ಕೊಡುತ್ತಾರೆ.

30 ದಾಟಿದ ಮೇಲೆ

ವೇಗ ಇಳಿಯುತ್ತೆ. ಮೊದಲು ಇಳಿಯುವುದು ನಿಂತಲ್ಲಿಂದ ಚಿಮ್ಮುವ ಆ ಮೊದಲ ಐದು ಮೀಟರ್. ವೇಗವೊಂದನ್ನೇ ನಂಬಿ ಆಡಿದವರು ಇಲ್ಲಿ ಕಾಣೆಯಾಗುತ್ತಾರೆ. ಉಳಿದವರು ಓಟ ಕಡಿಮೆ ಮಾಡಿ ಲೆಕ್ಕ ಜಾಸ್ತಿ ಮಾಡುತ್ತಾರೆ. ವಾರ್ಡಿ 33ನೇ ವಯಸ್ಸಿನಲ್ಲಿ 23 ಗೋಲು ಹೊಡೆದು ಪ್ರೀಮಿಯರ್ ಲೀಗ್‌ನ ಗೋಲ್ಡನ್ ಬೂಟ್ ಗೆದ್ದರು. ಕೆನಡಾದ ಕ್ರಿಸ್ಟೀನ್ ಸಿಂಕ್ಲೇರ್ 40ರವರೆಗೆ ದೇಶಕ್ಕೆ ಆಡಿ 190 ಗೋಲು ಹೊಡೆದರು, ಗಂಡಸರನ್ನೂ ಸೇರಿಸಿ ಅಷ್ಟು ಅಂತರರಾಷ್ಟ್ರೀಯ ಗೋಲು ಯಾರೂ ಹೊಡೆದಿಲ್ಲ. ಲೂಕಾ ಟೋನಿ 2014-15ರಲ್ಲಿ, ವೆರೋನಾ ಅನ್ನುವ ಸಾಧಾರಣ ತಂಡದಲ್ಲಿದ್ದುಕೊಂಡು, 38ರ ವಯಸ್ಸಿಗೆ 22 ಗೋಲು ಹೊಡೆದು ಇಟಲಿಯ ಸೀರಿ ಎ ಅಗ್ರ ಗೋಲುದಾರರ ಪಟ್ಟಿಯಲ್ಲಿ ಜಂಟಿಯಾಗಿ ಮೊದಲು ಬಂದರು.

ಟೋನಿಯ ಆ ಸೀಸನ್‌ನ ಗೋಲುಗಳನ್ನು ಹುಡುಕಿ ನೋಡಿ. ಗೋಲು ಬರುತ್ತಿದ್ದಂತೆ ವಿಡಿಯೊ ನಿಲ್ಲಿಸಿ, ಮೂರು ಸೆಕೆಂಡ್ ಹಿಂದಕ್ಕೆ ಹೋಗಿ, ಚೆಂಡನ್ನು ಬಿಟ್ಟು ಅವರ ಕಾಲುಗಳನ್ನಷ್ಟೇ ನೋಡಿ. ಆಮೇಲೆ ನಿಮ್ಮ ಕಳೆದ ಪಂದ್ಯದ ವಿಡಿಯೊವನ್ನೂ ಹಾಗೇ ನೋಡಿ.